ಎರಡನೇ ಗೇರಿನಲ್ಲಿ ಗುನ್ವೋರ್

ಮೇ 14

ಟೈರಿಗೆ ಗಾಳಿ ಹಾಕಿದೆ. ಎಂಜಿನ್ ಆಯಿಲ್ ಸರಿ ಇದೆ. ಚಳಿಗಾಲವೆಲ್ಲ ಟಾರ್ಪಾಲು ಹೊದ್ದು ನಿಂತಿದ್ದ, ಒಳಗೇ ಹಾಸಿಗೆ, ಒಲೆ ಇರುವ ನಮ್ಮ ಮನೆಗಾಡಿಯನ್ನು ತೊಳೆದೆ. ಒಳಗೆ ಇನ್ನೂ ಹೋದ ಬೇಸಿಗೆಯ ಮೀನಿನ ವಾಸನೆ. ಎಲ್ಲ ಎಂದಿನಂತೆ — ಓಡಿಸುವುದೊಂದು ಬಿಟ್ಟು. ಬದಿಯ ನೋಟ ಹೋಗಿದೆ, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಫೆಬ್ರವರಿಯಲ್ಲೇ ಹೇಳಿಬಿಟ್ಟರು. ಜೀವಮಾನವೆಲ್ಲ ಕಾರು ದಾಟಿಸುವ ಫೆರಿ ಹಡಗಿನಲ್ಲಿ ನಿಂತು ಊರವರ ಗಾಡಿಗಳನ್ನು ಇಂಚಿಂಚಾಗಿ ಸರಿಸಿ ನಿಲ್ಲಿಸಿದವನು ನಾನು. ನನಗೇ ಹೀಗೆ.

ಪಕ್ಕದ ಮನೆಯ ಹಾಲ್ಗೈರ್ ಬೇಲಿಯ ಆಚೆಯಿಂದ ಗಾಡಿಯನ್ನೇ ನೋಡುತ್ತಿದ್ದ. ಮಾರುವುದಾದರೆ ಮೊದಲು ತನಗೆ ಹೇಳಬೇಕಂತೆ. ಆಗಲಿ ಎಂದೆ. ಬೇರೇನು ಹೇಳಲಿ.

ಊಟಕ್ಕೆ ಕೂತಾಗ ಗುನ್ವೋರ್ ತಾನು ಓಡಿಸುತ್ತೇನೆ ಎಂದಳು. ಮದುವೆಯಾದಾಗಿನಿಂದ ನನ್ನ ಪಕ್ಕದ ಸೀಟಿನಲ್ಲಿ ಸ್ವೆಟರ್ ಹೆಣೆದುಕೊಂಡು ಬಂದವಳು. ನಕ್ಕುಬಿಟ್ಟೆ.

"ನಗು ಪರ್ವಾಗಿಲ್ಲ. ಒಂದು ಬೆಟ್ಟ ಇಳಿಸಿ ನೋಡ್ತೀನಿ. ಕೆಳಗೆ ಬಂದಾಗ ನನ್ನ ಕೈ ನಡುಗ್ತಾ ಇದ್ರೆ ಹಾಲ್ಗೈರ್‌ಗೇ ಕೊಟ್ಟುಬಿಡೋಣ."

ಒಪ್ಪಿದೆ. ಕೊಟ್ಟುಬಿಟ್ಟರೆ ಪ್ರತಿ ಬೇಸಿಗೆ ಹೋಗುವ ಉತ್ತರದ ಕಡಲತೀರ ಇನ್ನು ಇಲ್ಲ. ಬೇಸಿಗೆಯೆಲ್ಲ ಈ ಅಂಗಳದಲ್ಲೇ ಕೂತು ಹಾಲ್ಗೈರನ ಹುಲ್ಲು ಕತ್ತರಿಸುವ ಯಂತ್ರದ ಸದ್ದು ಕೇಳಬೇಕು… ನೆನೆದರೇ ಎದೆ ಭಾರ.

ಜೂನ್ 2

ಅಂಗಡಿ ಮುಂದಿನ ಖಾಲಿ ಜಾಗದಲ್ಲಿ ಮತ್ತೆ ಅಭ್ಯಾಸ. ರಿವರ್ಸ್ ಚೆನ್ನಾಗಿ ಬಂದಿದೆ, ಒಪ್ಪಲೇಬೇಕು. ನಾನು ಸಲಹೆ ಕೊಟ್ಟಷ್ಟೂ ಅವಳ ತುಟಿ ಬಿಗಿಯುತ್ತದೆ. ದಂತವೈದ್ಯರ ಹತ್ತಿರ ಕೆಲಸ ಮಾಡಿ ಊರಿನವರಿಗೆಲ್ಲ "ಬಾಯಿ ತೆಗೀರಿ" ಎಂದವಳು, ಗಾಡಿಯಲ್ಲಿ ನನಗೊಬ್ಬನಿಗೆ ಮುಚ್ಚು ಎನ್ನುತ್ತಾಳೆ.

ಒಂದೇ ಕೊರತೆ. ರಸ್ತೆಗಿಳಿದಾಗ ಎದುರಿಗೆ ಬರುವ ಮನೆಗಾಡಿಯವರಿಗೆ ನಮಸ್ಕಾರವೆಂದು ಕೈ ಎತ್ತುವುದಿಲ್ಲ. ಇಡೀ ದೇಶದಲ್ಲಿ ನಾವೆಲ್ಲ ಪಾಲಿಸುವ ಪದ್ಧತಿ, ಅದೂ ಸ್ಟೀರಿಂಗ್ ಹಿಡಿದವರೇ ಎತ್ತಬೇಕು. ಕೇಳಿದರೆ, ಎರಡೂ ಕೈಗೆ ಕೆಲಸ ಇದೆ ಎಂದಳು. ಅವಳ ಪರವಾಗಿ ನಾನು ಎತ್ತಿದೆ. ಯಾರೂ ಈ ಕಡೆ ನೋಡಲಿಲ್ಲ.

ಜೂನ್ 19, ಸಂಜೆ

ಘಟ್ಟದ ನೆತ್ತಿ. ರಸ್ತೆಯ ಬದಿಯಲ್ಲಿ ಇನ್ನೂ ಆಳೆತ್ತರ ಹಿಮ. ಬ್ರೆಡ್ಡು, ಕಂದು ಚೀಸು, ಕಾಫಿ. ಕೆಳಗೆ ಬೆಟ್ಟಗಳ ನಡುವೆ ನುಗ್ಗಿದ ಕಡಲು, ಫ್ಯೋರ್ಡ್, ದಾರದಷ್ಟು ಸಣ್ಣಗೆ ಕಾಣುತ್ತಿದೆ.

ಗುನ್ವೋರ್ ಒಬ್ಬಳೇ ಮೊದಲ ಮೂರು ತಿರುವುಗಳನ್ನು ನಡೆದೇ ಇಳಿದು ನೋಡಿ ಬಂದಳು. ಎಲ್ಲಿ ಅಗಲ, ಎಲ್ಲಿ ಗಾಡಿ ಪಕ್ಕಕ್ಕೆ ಹಾಕಬಹುದು, ಕುರಿಗಳು ಎಲ್ಲಿ ಮಲಗಿವೆ — ಎಲ್ಲ. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ನಡೆದು ನೋಡಿಲ್ಲ.

ನೀರಿನ ಟ್ಯಾಂಕು ಖಾಲಿಯೇ ಇರಲಿ ಎಂದಳು. ಭಾರ ಹೊತ್ತು ಯಾಕೆ ಇಳಿಯಬೇಕು, ಕೆಳಗೆ ದೋಣಿಕಟ್ಟೆಯ ನಲ್ಲಿಯಲ್ಲಿ ತುಂಬಿಸೋಣವಂತೆ. ಬೆಟ್ಟದ ನೀರು ಕಾಲಡಿ ಹರಿಯುವಾಗ ನಲ್ಲಿ ನೀರು! ನಮ್ಮಪ್ಪ ಕೇಳಿದ್ದರೆ ಏನೆನ್ನುತ್ತಿದ್ದರೋ.

ಜೂನ್ 20, ಬೆಳಿಗ್ಗೆ

ಅವಳು ಮತ್ತೆ ದಾರಿ ನೋಡಲು ಹೋದಾಗ ತೊರೆಗೆ ಯಾರೋ ಸಿಕ್ಕಿಸಿದ್ದ ಪೈಪಿನಿಂದ ಟ್ಯಾಂಕು ತುಂಬಿಸಿದೆ. ಪೂರ್ತಿ. ಹೇಳಲಿಲ್ಲ. ಕೆಳಗೆ ಹೋಗಿ ಕಾಫಿ ಕುಡಿದಾಗ ತಾನೇ ಮೆಚ್ಚುತ್ತಾಳೆ.

ಜೂನ್ 20, ಮಧ್ಯಾಹ್ನ. ಅರ್ಧ ದಾರಿ

ಗಾಡಿ ನಿಂತಿದೆ. ನನ್ನ ಕೈಬರಹ ನೆಟ್ಟಗಿಲ್ಲ. ಅವಳು ಹೊರಗೆ ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಾಳೆ.

ಆದದ್ದು ಹೀಗೆ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಹಾಕಿದಳು. ಎಂಜಿನ್ ಗುರುಗುಟ್ಟಿತು. ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಂಡಿತು. ಬ್ರೇಕಿನ ಮೇಲೆ ಕಾಲಿಟ್ಟು ಕೂರಲಿಲ್ಲ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುವಳು, ಅಷ್ಟೇ. ಹಿಂದೆ ಕಾರುಗಳ ಸಾಲು ಬೆಳೆಯಿತು. ಇನ್ನೊಬ್ಬರ ದಾರಿಗೆ ಅಡ್ಡ ನಿಲ್ಲುವುದಕ್ಕಿಂತ ದೊಡ್ಡ ಅವಮಾನ ನಮ್ಮ ಜನಕ್ಕೆ ಬೇರೆ ಇಲ್ಲ. ಸ್ವಲ್ಪ ಬಿಡು, ಜನ ಕಾಯ್ತಿದ್ದಾರೆ ಎಂದೆ.

"ಕಾಯ್ಲಿ. ಅವರ ಅವಸರ ಅವರದ್ದು."

ನಿನ್ನೆ ಗುರುತಿಟ್ಟಿದ್ದ ಅಗಲ ಜಾಗ ಬಂತು. ಪಕ್ಕಕ್ಕೆ ಹಾಕಿ ಎಲ್ಲರನ್ನೂ ಮುಂದೆ ಬಿಟ್ಟಳು. ಮತ್ತೆ ಎರಡನೇ ಗೇರು. ಎದುರಿಗೆ ಬೆಟ್ಟ ಹತ್ತಿ ಬಂದ ಒಂದು ಜರ್ಮನ್ ಮನೆಗಾಡಿಯವನು ಕೈ ಎತ್ತಿದ. ಅವಳು ಎತ್ತಲಿಲ್ಲ.

ಆರನೇ ತಿರುವಿನ ಕೆಳಗೆ ಕುರಿಗಳು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಅಡ್ಡಡ್ಡ ಮಲಗಿ ಮೆಲುಕು ಹಾಕುತ್ತಿದ್ದವು. ಹಾರ್ನ್ ಹೊಡೆದರೂ ಏಳಲಿಲ್ಲ. ರಸ್ತೆಯಲ್ಲಿ ಅತಿ ಕಡಿದಾದ ಜಾಗ ಅದೇ. ಒಂದು ಕುರಿ ಎದ್ದು ನಾಲ್ಕು ಹೆಜ್ಜೆ ಕೆಳಗೆ ಹೋಗಿ ಮತ್ತೆ ಮಲಗುವುದು, ನಾವು ಬ್ರೇಕ್ ಒತ್ತಿ ಅದರ ಹಿಂದೆ. ಹೀಗೇ ಬಹಳ ದೂರ. ಸುಟ್ಟ ವಾಸನೆ ಬಂತು. ಹಿಂದೆ ಟ್ಯಾಂಕಿನಲ್ಲಿ ನೀರು ಧಡಾರೆಂದು ಮುಂದಕ್ಕೆ ಅಪ್ಪಳಿಸಿದ ಸದ್ದು. ಅವಳಿಗೂ ಕೇಳಿತು.

"ಬ್ರೇಕ್ ಪೆಡಲ್ ಮೆತ್ತಗಾಗ್ತಿದೆ, ಸರಿಯಾಗಿ ಹಿಡೀತಿಲ್ಲ," ಎಂದಳು. ರೋಗಿಗೆ ಹಲ್ಲಿನ ಮೇಲೆ ಕಲೆ ಇದೆ ಎನ್ನುವಂಥದೇ ದನಿ.

ನಾನಾಗಿದ್ದರೆ ಪೆಡಲನ್ನು ಇನ್ನೂ ತುಳಿಯುತ್ತಿದ್ದೆ, ಖಂಡಿತ. ಅವಳು ಪೆಡಲನ್ನು ಎರಡು ಸಲ ಬೇಗ ಬೇಗ ಒತ್ತಿ, ಸಿಕ್ಕಿದಷ್ಟು ವೇಗ ಇಳಿಸಿ, ಮೊದಲನೇ ಗೇರಿಗೆ ಹಾಕಿದಳು. ಗಾಡಿ ಮುಗ್ಗರಿಸಿದಂತೆ ನಿಧಾನವಾಯಿತು. ಬಂಡೆಯ ಕಡೆಯ ಚಕ್ರಗಳನ್ನು ಜಲ್ಲಿಗೆ ಇಳಿಸಿ, ಜಲ್ಲಿಯಲ್ಲೇ ಉಜ್ಜಿಕೊಂಡು ಬಂದು ಈ ಜಾಗದಲ್ಲಿ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಕಾದ ಬ್ರೇಕು ಅಂಟಿಕೊಂಡೀತು ಎಂದು. ಗೇರಿನಲ್ಲೇ ಬಿಟ್ಟು, ಚಕ್ರಕ್ಕೆ ಕಲ್ಲು ಅಡ್ಡ ಕೊಡು ಎಂದಳು. ಕೊಟ್ಟೆ. ಚಕ್ರದಿಂದ ಹೊಗೆ. ಬಕೆಟಿಗೆ ನೀರು ಹಿಡಿದು ಸುರಿಯಲು ಓಡಿದೆ. ತೋಳು ಹಿಡಿದು ತಡೆದಳು. ಬಿಸಿ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಸೀಳಿಹೋಗುತ್ತದೆ, ತಾನಾಗಿ ತಣಿಯಲಿ ಎಂದಳು. ಆಮೇಲೆ ಬಕೆಟನ್ನೇ ನೋಡಿದಳು. ಖಾಲಿ ಇರಬೇಕಿದ್ದ ಟ್ಯಾಂಕಿನಿಂದ ಬಂದ ನೀರು.

ಬೈಗುಳಕ್ಕೆ ಕಾದೆ. ಬರಲಿಲ್ಲ.

"ಒಂದು ಕೆಟಲ್ ಹಿಡಿದಿಟ್ಕೋ ಔಡುನ್, ಕಾಫಿಗೆ. ಉಳಿದಿದ್ದು ಬಿಟ್ಟುಬಿಡು."

ಟ್ಯಾಂಕಿನ ತಿರುಪು ತೆಗೆದೆ. ನನ್ನ ಒಳ್ಳೆಯ ನೀರೆಲ್ಲ ರಸ್ತೆಯ ಅಂಚಿನಿಂದ ಕೆಳಗೆ ಧುಮುಕಿ ಹೋಯಿತು. ಇಂಥ ಹೆಂಡತಿಯನ್ನು ಇಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂರಿಸಿದ್ದೆನಲ್ಲ. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಕಾಫಿ ಮಾತ್ರ ನಿಜಕ್ಕೂ ಚೆನ್ನಾಗಿತ್ತು, ಅವಳೂ ಒಪ್ಪಿದಳು.

ಜೂನ್ 20, ಸಂಜೆ. ದೋಣಿಕಟ್ಟೆ

ಇಳಿದೆವು. ಉಳಿದ ದಾರಿ ಇನ್ನೂ ನಿಧಾನ. ನಾನು ತುಟಿ ಬಿಚ್ಚಲಿಲ್ಲ. ನಡುವೆ ಎರಡು ಸಲ ನಿಲ್ಲಿಸಿ ಚಕ್ರದ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದಳು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ.

ಕಡೆಯ ತಿರುವು ದಾಟಿ ರಸ್ತೆ ಮಟ್ಟವಾಯಿತು. ಸೇಬಿನ ತೋಟಗಳು. ನಾನು ಅವಳ ಕೈಗಳ ಕಡೆ ನೋಡಲಿಲ್ಲ, ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಎದುರಿಗೆ ಒಂದು ಹಳೇ ಮನೆಗಾಡಿ, ಬೆಟ್ಟ ಹತ್ತಲು ಹೊರಟದ್ದು. ಗುನ್ವೋರ್ ಸ್ಟೀರಿಂಗಿನಿಂದ ಬಲಗೈ ತೆಗೆದು ಮೇಲೆತ್ತಿದಳು. ಐದೂ ಬೆರಳು ಬಿಡಿಸಿ. ಆ ಗಾಡಿ ಪೂರ್ತಿ ದಾಟಿ ಹೋಗುವವರೆಗೂ ಹಾಗೇ ಹಿಡಿದಿದ್ದಳು.

ಒಂದು ಬೆರಳೂ ಅಲುಗಲಿಲ್ಲ. ಅದು ಎದುರಿನವನಿಗಲ್ಲ, ನನಗೆ ತೋರಿಸಿದ್ದು. ನನಗೆ ಕಣ್ಣಲ್ಲಿ ನೀರು ಬಂತು.

ಮೆಕ್ಯಾನಿಕ್ ನಾಳೆ ಬ್ರೇಕ್ ನೋಡುತ್ತಾನೆ. ಹಾಲ್ಗೈರ್‌ಗೆ ನಾನೇ ಫೋನ್ ಮಾಡಿ, ಗಾಡಿ ಮಾರುವುದಿಲ್ಲ ಎಂದೆ. ಹಾಗಾದರೆ ಓಡಿಸುವವರು ಯಾರು ಎಂದು ಕೇಳಿದ. ಡ್ರೈವರ್ ಸಿಕ್ಕಿದ್ದಾಳೆ ಎಂದೆ.

ಜೂನ್ 24, ಬೆಳಿಗ್ಗೆ

ಬ್ರೇಕಿಗೆ ಹೊಸ ಆಯಿಲ್, ಹೊಸ ಪ್ಯಾಡು. ಉತ್ತರಕ್ಕೆ ಹೊರಟಿದ್ದೇವೆ. ಮೊದಲೇ ಇನ್ನೊಂದು ಘಟ್ಟ, ಅದಕ್ಕಿಂತ ಕಡಿದಾದದ್ದಂತೆ. ಇಲ್ಲಿ ದಾರಿಬದಿಯಲ್ಲಿ ಒಂದು ತೊರೆ ಇದೆ. ಎಂಥ ನೀರು… ಗಾಜಿನಂತೆ.

ಎಂಜಿನ್ ಶುರು ಮಾಡಿದಳು. ಟ್ಯಾಂಕು ಖಾಲಿ ಇದೆಯಾ ಎಂದು ಕೂಗುತ್ತಿದ್ದಾಳೆ. ಇದೆ ಮಾರಾಯ್ತಿ, ಒಂದೇ ಒಂದು ಕೆಟಲ್ ಮಾತ್ರ ಹಿಡಿದಿದ್ದೀನಿ, ಕಾಫಿಗೆ.