ಗುಡ್ಡದ ಬುಡದ ಕಲ್ಲಿನಲ್ಲಿ ತಿಮ್ಮಜ್ಜನ ಹೆಸರು

ಅಪ್ಪಯ್ಯ,

ನೀವು ಹೋಗಿ ಎರಡು ವರ್ಷವಾಯಿತು. ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ. ಆದರೆ ಈ ಸುದ್ದಿ ಎಲ್ಲರಿಗಿಂತ ಮೊದಲು ತಿಳಿಯಬೇಕಾದದ್ದು ನಿಮಗೆ.

ಸಿದ್ದಾಪುರದ ಆಚೆ, ಗುಡ್ಡದ ಬುಡದಲ್ಲಿ ರಸ್ತೆ ಬದಿಗಿದ್ದ ಇಂಗ್ಲಿಷ್ ಅಕ್ಷರದ ಕಲ್ಲು ನೆನಪಿದೆಯಲ್ಲ? ಓದಲು ಯಾರಿಗೂ ಬರುತ್ತಿರಲಿಲ್ಲ. ಯಾವುದೋ ದೈವದ ಕಲ್ಲೆಂದು ಗುಡ್ಡ ಹತ್ತುವವರೆಲ್ಲ ಅದರ ಮೇಲೆ ಒಂದು ಸೊಪ್ಪಿನ ಕುಡಿ ಇಟ್ಟು ಕೈಮುಗಿಯುತ್ತಿದ್ದರು. ನೀವೂ ಇಡುತ್ತಿದ್ದಿರಿ. ಕುಂದಾಪುರದ ಹೈಸ್ಕೂಲಿಗೆ ಸೇರಿದ ವರ್ಷ ನಾನು ಸೊಪ್ಪು ಸರಿಸಿ ಓದಿ ಹೇಳಿದೆ: ಕಂಪೆನಿ ಕಾಲದ ಒಬ್ಬ ದೊರೆ ಈ ಗುಡ್ಡವನ್ನು ಮೊಟ್ಟಮೊದಲು ಹತ್ತಿದರಂತೆ. ಇಷ್ಟು ವರ್ಷ ದೊರೆಗೆ ಸೊಪ್ಪು ಹಾಕಿದೆವಲ್ಲ ಎಂದು ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಆಮೇಲೆ ನಗು ನಿಂತಿತು.

"ಅವ್ರಿಗ್ ದಾರಿ ತೋರ್ಸಿದ್ದ್ ನನ್ ಅಜ್ಜ ತಿಮ್ಮ, ಮಗಾ."

ನಾನೇನು ಮಾಡಿದೆ? ದಾಖಲೆ ಎಲ್ಲಿದೆ ಎಂದು ಕೇಳಿದೆ. ದಿನಾ ಸಂಜೆ ನಿಮಗೆ ಪೇಪರ್ ಓದಿ ಹೇಳುತ್ತಿದ್ದವನಿಗೆ, ಅಚ್ಚಾಗದ್ದನ್ನು ನಂಬದ ಚಟ ಹತ್ತಿತ್ತು. ನೀವು ಸಿಟ್ಟಾಗಲಿಲ್ಲ. "ಪೇಪರ್ ಬಪ್ಪುಕ್ ಮುಂಚೆ ಜನ ಇರ್ಲಿಲ್ಯಾ?" ಎಂದಿರಿ, ಅಷ್ಟೆ. ಮುಂದೆ ಹೋಟೆಲಿನಲ್ಲಿ ಅಂಗಡಿ ಶೇಷಣ್ಣ ನಿಮ್ಮನ್ನು ದೊರೆಯ ಮೊಮ್ಮಗ ಎಂದು ಛೇಡಿಸುತ್ತಿದ್ದಾಗಲೂ ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಆಡಬಹುದಿತ್ತು...

ಸ್ವಾತಂತ್ರ್ಯ ಬಂದ ಮೇಲೆ ರಸ್ತೆ ಅಗಲ ಮಾಡಲು ಆ ಕಲ್ಲು ಕಿತ್ತರು. ಊರವರು ಸೇರಿ ಕನ್ನಡದ ಕಲ್ಲು ನಿಲ್ಲಿಸುವುದೆಂದು ತೀರ್ಮಾನಿಸಿ, ಬರಹದ ಕೆಲಸ ನನಗೆ ಒಪ್ಪಿಸಿದರು. ಸರಿಯಾದ ಸಂಗತಿ ಬೇಕೆಂದು ಹುಡುಕಿದೆ. ಕುಂದಾಪುರದ ವಕೀಲರೊಬ್ಬರ ಬೀರುವಿನಲ್ಲಿ ಆ ದೊರೆಯೇ ಬರೆದ ಪುಸ್ತಕ ಸಿಕ್ಕಿತು. ನಿಂತಲ್ಲೇ ಓದಿದೆ. ಕತ್ತಿಯಿಂದ ಪೊದೆ ಸವರುತ್ತ ಮುಂದೆ ಹೋದವನು ತಿಮ್ಮ. ಕಡಿದಾದ ಬಂಡೆಯಲ್ಲಿ ಬಳ್ಳಿ ಇಳಿಬಿಟ್ಟು ದೊರೆಯನ್ನು ಮೇಲಕ್ಕೆ ಎಳೆದುಕೊಂಡವನು ತಿಮ್ಮ. ತುದಿಯಲ್ಲಿ ಮೊಣಕಾಲೆತ್ತರ ಸೊಪ್ಪಿನ ರಾಶಿ ಇತ್ತು, ತಿಮ್ಮ ಹೇಳಿದಂತೆ ನಾನೂ ಒಂದು ಕುಡಿ ಇಟ್ಟೆ ಎಂದು ಬರೆದಿದ್ದಾರೆ. ತಾನೇ ಮೊದಲಿಗನೆಂದು ಆ ಮನುಷ್ಯ ಎಲ್ಲಿಯೂ ಹೇಳಿಕೊಂಡಿಲ್ಲ, ಅಪ್ಪಯ್ಯ. ಅದು ಆಮೇಲೆ ಕಲ್ಲು ನೆಡಿಸಿದವರ ಉತ್ಸಾಹ.

ಸಭೆಯಲ್ಲಿ ಇದನ್ನು ಓದಿದಾಗ ಎಲ್ಲರೂ ಎದ್ದು ನಿಂತರು. ಮೊದಲು ಹತ್ತಿದವನು ತಿಮ್ಮ ಎಂದೇ ಕೆತ್ತಿಸುವ ಎಂದರು. ನಾನು ಒಪ್ಪಲಿಲ್ಲ. ನಿಮ್ಮನ್ನು ಛೇಡಿಸಿದ ಅದೇ ಶೇಷಣ್ಣನಿಗೆ ಈಗ ಹೆಚ್ಚು ಬೇಸರ.

"ಹ್ವಾಯ್, ನಿಮ್ ಅಜ್ಜನ್ನ ನೀವೇ ಕೆಳಗ್ ಇಳ್ಸುದಾ?"

ಆದರೆ ಮೊಣಕಾಲೆತ್ತರದ ಸೊಪ್ಪು ಒಬ್ಬರು ಇಟ್ಟದ್ದಲ್ಲವಲ್ಲ, ಅಪ್ಪಯ್ಯ? ತಿಮ್ಮಜ್ಜನಿಗಿಂತ ಮುಂಚೆ ಎಷ್ಟು ಜನ ಹತ್ತಿದ್ದರೋ, ಹೆಸರಿಲ್ಲದವರು. ನೀವೂ ಒಂದು ದಿನ ಕೂಡ ತಿಮ್ಮಜ್ಜನೇ ಮೊದಲಿಗರೆಂದು ಹೇಳಿದವರಲ್ಲ. ದಾರಿ ತೋರಿಸಿದರು ಎಂದಷ್ಟೇ ಹೇಳಿದ್ದು. ಪುಸ್ತಕ ಸಿಗುವ ಮೊದಲೂ ನಿಮ್ಮ ಮಾತು ಅಳತೆ ಮೀರಿರಲಿಲ್ಲ. ಅದನ್ನೇ ಕೆತ್ತಿಸಿದೆ.

ಕಳೆದ ಸೋಮವಾರ ಕಲ್ಲು ನಿಂತಿತು. "ಕಂಪೆನಿ ಕಾಲದಲ್ಲಿ ಈ ಗುಡ್ಡ ಹತ್ತಿದ ದೊರೆಗೆ ದಾರಿ ತೋರಿಸಿದವರು ಈ ಊರಿನ ತಿಮ್ಮ." ಓದು ಬಾರದ ಅಮ್ಮ, ಹೆಸರು ಯಾವುದೆಂದು ಕೇಳಿ ಆ ಎರಡು ಅಕ್ಷರಗಳನ್ನು ಸೆರಗಿನಿಂದ ಒರೆಸಿದರು. ಶೇಷಣ್ಣ ಬಂದವರಿಗೆಲ್ಲ ನಿಮ್ಮ ಹೆಸರು ಹೇಳಿ, ಅವರ ಅಜ್ಜನೇ ಇವರು ಎನ್ನುತ್ತಿದ್ದ.

ಎಲ್ಲರೂ ಹೊರಟ ಮೇಲೆ ಕುಂಭಾಶಿಯಿಂದ ಬಂದಿದ್ದ ಮುದುಕಿಯೊಬ್ಬರು ಹಿಂದೆ ಉಳಿದರು. ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದರು.

"ನಮ್ಮಜ್ಜನೂ ಅವತ್ತ್ ಹೋಯಿದ್ರಂಬ್ರ್. ದೊರೆ ಪೆಟ್ಗಿ ಹೊತ್ಕಂಡ್."

ಅವರನ್ನು ಮೋರಿಕಟ್ಟೆಯ ಮೇಲೆ ಕೂರಿಸಿ, ಅಜ್ಜನ ಹೆಸರು ಕೇಳಿ ಬರೆದುಕೊಂಡೆ. ದಾಖಲೆಯನ್ನು ಆಮೇಲೆ ಹುಡುಕುತ್ತೇನೆ, ಅಪ್ಪಯ್ಯ.

ನಿಮ್ಮ ಮಗ