ಮುಖಪುಟದ ಗಾಯಕಿ

ಹೀದರ್,

ಡ್ಯೂಟಿಗೆ ಹೊರಟೆ. ಪೈ ಓವನ್ನಿನಲ್ಲಿದೆ. ನೀಲಿ ಕಸದ ತೊಟ್ಟಿಯನ್ನು ಬಾಗಿಲಾಚೆ ಇಡು, ಹೋದ ವಾರವೂ ನೀನು ಮರೆತೆ.

ಶಾಲೆಯ ಮೀಡಿಯಾ ಕೋರ್ಸ್‌ವರ್ಕಿಗೆಂದು ನೀನು ಮಾಡಿದ ಸಂಗೀತ ಪತ್ರಿಕೆ ನೋಡಿದೆ. ಮುಖಪುಟಕ್ಕೆ ನನ್ನ ಫೋಟೋ ಹಾಕಿ ಹಳೇ ಗಾಯಕಿ ಮಾಡಿದ್ದೀಯ, ಇರಲಿ. ಕೆನ್ನೆಯ ಮೇಲಿನ ಹಳದಿ ಅಕ್ಷರ ಓದಲಾಗುವುದಿಲ್ಲ, ಬಣ್ಣ ಬದಲಿಸು.

ಒಳಗಿನ ಸಂದರ್ಶನ ನೀನೇ ಕಟ್ಟಿದ್ದು, ಗೊತ್ತು. ಆದರೆ “ಮಗಳು ಹುಟ್ಟಿದ್ಲು, ಹಾಡೋದು ಬಿಟ್ಟೆ” ಎಂದು ನನ್ನ ಬಾಯಲ್ಲಿ ಹೇಳಿಸಿದ್ದೀಯಲ್ಲ, ನಾಳೆ ಟೀಚರಿಗೆ ಒಪ್ಪಿಸುವ ಮೊದಲು ಅದನ್ನು ತೆಗೆ. ನಾನು ಹಾಡುತ್ತಿದ್ದ ಬ್ಯಾಂಡ್ ಮುರಿದದ್ದು ನೀನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು, ರಾಚ್‌ಡೇಲಿನ ಒಂದು ಪಬ್ಬಿನಲ್ಲಿ, ಡ್ರಮ್ ಬಾರಿಸುವ ಗ್ಯಾರೆತ್ ಜೊತೆ ಜಗಳವಾಗಿ. ಆಮೇಲೆ ನಾನು ಹಾಡಲೇ ಇಲ್ಲ.

ಮತ್ತೆ ಹಾಡಿದ್ದು ನೀನು ಹುಟ್ಟಿದ ಮೇಲೆ. ಹಾಡದಿದ್ದರೆ ನೀನು ಮಲಗುತ್ತಿರಲಿಲ್ಲ.

ಅಮ್ಮ