ಲೇತ್ ಸದ್ದಿಗೆ ಮಲಗಿದ ಮಗಳು

ಮಂಗಳವಾರ, ಮಾರ್ಚ್ ೧೧

ಕೊಳ್ಳುವ ಮುನ್ನ ಲೇತ್ ನಿಲ್ಲಿಸಿ, ತುಂಡನ್ನು ಕಚ್ಚಿ ತಿರುಗಿಸುವ ಅದರ ಚಕ್ ಹಿಡಿದು ಅಲುಗಿಸಿ ನೋಡಬೇಕಿತ್ತು. ಕಾಲೇಜಿನಲ್ಲಿ ಇದನ್ನೇ ಕಲಿತವಳಿಗೆ ಇಷ್ಟೂ ಗೊತ್ತಿರಲಿಲ್ಲವೇ? ಗೊತ್ತಿತ್ತು.

ಹಳೇ ಮೆಷಿನ್ ಮಾರುವವನು ಸ್ವಿಚ್ ಒತ್ತಿದ. ಬೆಳಗಿನಿಂದ ರಚ್ಚೆ ಹಿಡಿದಿದ್ದ ಮಗಳು ಆ ಗುರ್ ಗುರ್ ಸದ್ದಿಗೆ ಸುಮ್ಮನಾಗಿ, ನನ್ನ ಹೆಗಲ ಮೇಲೆ ಕತ್ತು ವಾಲಿಸಿ ನಿದ್ದೆಹೋದಳು. ಎಷ್ಟೋ ವಾರಗಳಿಂದ ನಾವಿಬ್ಬರೂ ಕಾಣದ ನಿದ್ದೆ.

"ನಿಲ್ಲಿಸಿ ತೋರಿಸ್ಲಾ ಮೇಡಂ?" ಎಂದ.

"ಬೇಡ, ಓಡ್ತಾ ಇರ್ಲಿ" ಎಂದೆ. ಗೋಡೆಗೆ ಒರಗಿ ನಾನೂ ಒಂದು ಗಳಿಗೆ ಕಣ್ಣು ಮುಚ್ಚಿದೆ. ಆಮೇಲೆ ಕೊಂಡುಬಿಟ್ಟೆ.

ಸಂಜೆ ನಮ್ಮ ಶೆಡ್ಡಿನಲ್ಲಿ ಇವರು ಲೇತ್ ಓಡಿಸಿ, ನಿಲ್ಲಿಸಿ, ಚಕ್ ಹಿಡಿದು ಎತ್ತಿದರು. ಸಡಿಲವಾದ ಹಲ್ಲಿನ ಹಾಗೆ ಅಲ್ಲಾಡಿತು. "ಬೇರಿಂಗ್ ಸವೆದುಹೋಗಿದೆ ಕಣೇ. ಆ ಸದ್ದು ಅದರದ್ದೇ."

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಲೇತ್ ತರ್ತೀನಿ ಅಂತ ಹೋಗಿ ತೊಟ್ಟಿಲು ತಂದ್ಯಲ್ಲಮ್ಮಾ" ಎಂದರು. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಮಗಳನ್ನು ಬಿಟ್ಟಿರಲಾರದೆ ಕಾರ್ಖಾನೆಯ ಕೆಲಸ ಬಿಟ್ಟವಳು ನಾನು. ಮನೆಯಲ್ಲೇ ಯಂತ್ರಗಳ ಸಣ್ಣಪುಟ್ಟ ಭಾಗಗಳನ್ನು ಕಡೆದುಕೊಂಡು ಮತ್ತೆ ಕೆಲಸ ಹಿಡಿಯೋಣವೆಂದರೆ ಮೊದಲ ಹೆಜ್ಜೆಯೇ ಹೀಗೆ. ಈ ಸ್ಥಿತಿಯಲ್ಲಿ ಇದರಿಂದ ಒಂದು ತುಂಡೂ ಅಳತೆಗೆ ಸರಿಯಾಗಿ ಬಾರದು.

ನಾಳೆ ಬೇರಿಂಗ್ ಬದಲಿಸೋಣ ಎಂದಿದ್ದಾರೆ. ಬದಲಿಸಲೇಬೇಕು. ಹೊಸದು ಹಾಕಿದರೆ ಆ ಸದ್ದು ಹೋಗಿಬಿಡುತ್ತದೆ.

ಇಗೋ, ಮತ್ತೆ ಎದ್ದು ಅಳುತ್ತಿದ್ದಾಳೆ. ಇದೊಂದು ರಾತ್ರಿ ಮಾತ್ರ, ಇವಳನ್ನು ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಹೋಗಿ, ಆ ಸ್ವಿಚ್ ಒತ್ತಿ...